ಪಹಣಿಗೆ ಬರುವ ದುಡ್ಡು, ಹೊಲದಲ್ಲಿರುವ ಕೈ

2020ರ ಜನವರಿ 2ರಂದು ಪ್ರಧಾನಿ ನರೇಂದ್ರ ಮೋದಿ ತುಮಕೂರಿಗೆ ಬಂದಿದ್ದರು. ಸಿದ್ಧಗಂಗಾ ಮಠಕ್ಕೆ ಹೋಗಿ, ಆಮೇಲೆ ಕೃಷಿ ಕರ್ಮಣ್ ಪ್ರಶಸ್ತಿ ಕೊಡುವ ಸಮಾರಂಭದ ವೇದಿಕೆಯಿಂದಲೇ ದೇಶದ ಸುಮಾರು 6 ಕೋಟಿ ರೈತರ ಖಾತೆಗಳಿಗೆ ಪಿಎಂ ಕಿಸಾನ್ ಯೋಜನೆಯ ಕಂತು ಬಿಡುಗಡೆ ಮಾಡಿದರು. ತಲಾ ಎರಡು ಸಾವಿರ ರೂಪಾಯಿ. ಆ ಯೋಜನೆ ಲೆಕ್ಕಕ್ಕೆ ಬಂದದ್ದು 2018ರ ಡಿಸೆಂಬರ್ 1ರಿಂದ. ವರ್ಷಕ್ಕೆ ಮೂರು ಕಂತು, ಒಟ್ಟು ಆರು ಸಾವಿರ. ಅಲ್ಲಿಂದ ಈಚೆಗೆ ಕಂತಿನ ಮೊತ್ತ ಒಂದು ರೂಪಾಯಿಯೂ ಹೆಚ್ಚಿಲ್ಲ. 2018-19ರಲ್ಲಿ ರಾಗಿಯ ಬೆಂಬಲ ಬೆಲೆ ಕ್ವಿಂಟಲಿಗೆ 2,897 ರೂಪಾಯಿ ಇತ್ತು. 2025-26ಕ್ಕೆ ಅದು 4,886. ಅಂದರೆ ಅಂದು ಒಂದು ಕಂತಿನ ಹಣಕ್ಕೆ 69 ಕೆ.ಜಿ. ರಾಗಿ ಬರುತ್ತಿತ್ತು, 2025-26ರ ಬೆಲೆಯಲ್ಲಿ 41 ಕೆ.ಜಿ. ತುಮಕೂರು ಜಿಲ್ಲೆಯ ಗುಬ್ಬಿ, ಕುಣಿಗಲ್ ಕಡೆಯ ಮನೆಗಳಲ್ಲಿ ಹಣದ ಬೆಲೆಯನ್ನು ಅಳೆಯುವುದು ಹೀಗೇ.

ಕಂತು ಸಣ್ಣದು ಎಂಬ ದೂರು ನ್ಯಾಯವಾದದ್ದು. 2024ರ ಡಿಸೆಂಬರ್‌ನಲ್ಲಿ ಸಂಸತ್ತಿನ ಕೃಷಿ ಸ್ಥಾಯಿ ಸಮಿತಿಯೇ ಇದನ್ನು 12 ಸಾವಿರಕ್ಕೆ ಏರಿಸಬೇಕೆಂದು ಶಿಫಾರಸು ಮಾಡಿತು. ಆದರೆ ಅದೇ ಸಮಿತಿ ಹೇಳಿದ ಇನ್ನೊಂದು ಮಾತು ಸುದ್ದಿಯಲ್ಲಿ ಮುಳುಗಿಹೋಯಿತು: ಗುತ್ತಿಗೆ ರೈತರನ್ನೂ ಕೃಷಿ ಕೂಲಿಕಾರರನ್ನೂ ಯೋಜನೆಯೊಳಗೆ ತರಬೇಕು. ನನ್ನ ಮಟ್ಟಿಗೆ ಎರಡನೆಯದೇ ದೊಡ್ಡ ಮಾತು. ಸರ್ಕಾರ ರೈತನಿಗೆ ಎಷ್ಟು ಕೊಡುತ್ತದೆ ಎಂದು ಕೇಳುವ ಮೊದಲು, ಸರ್ಕಾರದ ಕಣ್ಣಿಗೆ ರೈತ ಯಾರು ಎಂದು ಕೇಳಬೇಕು. ತುಮಕೂರು, ಗುಬ್ಬಿ, ಕುಣಿಗಲ್ ಈ ಮೂರು ಕಡೆಯ ಹಣದ ಹರಿವನ್ನು ನೋಡಿದರೆ ಉತ್ತರ ಒಂದೇ: ಪಹಣಿಯಲ್ಲಿ ಹೆಸರಿದ್ದವರು ರೈತರು. ಹೊಲದಲ್ಲಿ ಇರುವವರು ಬೇರೆಯಾಗಿದ್ದರೆ ಅವರು ಲೆಕ್ಕದಲ್ಲಿಲ್ಲ.

ಮೊದಲು ಈ ಸೀಮೆಯ ಒಕ್ಕಲುತನ ಎಂಥದ್ದೆಂದು ಹೇಳಿಬಿಡಬೇಕು. ಗುಬ್ಬಿ ತಾಲ್ಲೂಕಿನಲ್ಲಿ ತೆಂಗು, ಅಡಿಕೆ ತೋಟಗಳು. ನೀರಿಲ್ಲದ ಕಡೆ ರಾಗಿ, ಅವರೆ, ಹುರುಳಿ. ಕುಣಿಗಲ್ ತಾಲ್ಲೂಕಿನಲ್ಲೂ ರಾಗಿ, ತೆಂಗು. ಜೊತೆಗೆ ಬೆಂಗಳೂರಿನ ಹತ್ತಿರವಿರುವ ಊರಿನ ಎಲ್ಲ ಒತ್ತಡಗಳು. ತುಮಕೂರು ನಗರ ಈ ಎಲ್ಲಕ್ಕೂ ಕಚೇರಿ, ಮಾರುಕಟ್ಟೆ, ಬ್ಯಾಂಕು. ಜೊತೆಗೆ ಇನ್ನೊಂದು: ಗುಬ್ಬಿಯ ತೋಟಕ್ಕೂ ಹೊಲಕ್ಕೂ ಒಡೆಯರಾಗಿ ತುಮಕೂರಿನ ಬಡಾವಣೆಗಳಲ್ಲಿ ಮನೆ ಮಾಡಿಕೊಂಡವರ ಸಂಖ್ಯೆ ಚಿಕ್ಕದಲ್ಲ. 2015-16ರ ಕೃಷಿ ಗಣತಿಯ ಪ್ರಕಾರ ಕರ್ನಾಟಕದಲ್ಲಿ ಸುಮಾರು 87 ಲಕ್ಷ ಹಿಡುವಳಿಗಳಿವೆ, ಸರಾಸರಿ ವಿಸ್ತೀರ್ಣ 1.36 ಹೆಕ್ಟೇರ್. ಅಂದರೆ ಮೂರೂ ಕಾಲು ಎಕರೆಗಿಂತ ಸ್ವಲ್ಪ ಹೆಚ್ಚು. ರಾಗಿ ಸೀಮೆಯ ಹಳ್ಳಿಗಳಲ್ಲಿ ಅಣ್ಣತಮ್ಮಂದಿರು ಪಾಲು ಮಾಡಿಕೊಂಡ ಮೇಲೆ ಉಳಿಯುವುದು ಎಕರೆಯೂ ಅಲ್ಲ, ಗುಂಟೆ ಲೆಕ್ಕ.

ಸಹಾಯಧನದ ರೂಢಿ ಇಲ್ಲಿ ಬಹಳ ಹಳೆಯದೇನಲ್ಲ. ಮೈಸೂರು ಸಂಸ್ಥಾನದ ಕಾಲದಲ್ಲಿ ಬಾವಿ ತೆಗೆಸಲು ತಕಾವಿ ಸಾಲ ಸಿಗುತ್ತಿತ್ತು, ಬರ ಬಂದಾಗ ಕಂದಾಯ ಮಾಫಿಯಾಗುತ್ತಿತ್ತು. ರೈತನ ಕೈಗೆ ನಗದು ಕೊಡುವ ಯೋಚನೆ ಇರಲಿಲ್ಲ. 1980ರ ನರಗುಂದ, ನವಲಗುಂದದ ಚಳವಳಿಯ ನಂತರ ಬೆಳೆದ ರೈತ ಸಂಘವೂ ಕೇಳಿದ್ದು ಬೆಳೆಗೆ ಯೋಗ್ಯ ಬೆಲೆ. ರೈತ ಸಾಲಗಾರನಲ್ಲ, ಸರ್ಕಾರವೇ ರೈತನಿಗೆ ಬಾಕಿದಾರ ಎಂಬ ವಾದವನ್ನು ಅದು ಹಳ್ಳಿಹಳ್ಳಿಗೆ ಮುಟ್ಟಿಸಿತ್ತು. ಬೆಲೆಯ ಪ್ರಶ್ನೆ ಬಗೆಹರಿಯದೆ ಉಳಿಯಿತು. ಅದರ ಜಾಗಕ್ಕೆ ಸಾಲ ಮನ್ನಾಗಳು ಬಂದವು. 1990ರಲ್ಲಿ ಒಂದು, 2008ರಲ್ಲಿ ಇನ್ನೊಂದು, ರಾಜ್ಯದ ಮಟ್ಟದಲ್ಲಿ 2017 ಮತ್ತು 2018ರಲ್ಲಿ ಮತ್ತೆರಡು. ಕೊನೆಗೆ ನೇರ ನಗದು. ಪಿಎಂ ಕಿಸಾನ್ ಮೇಲೆ ರಾಜ್ಯದ ಪಾಲಾಗಿ ನಾಲ್ಕು ಸಾವಿರ ಸೇರಿಸುವುದಾಗಿ 2019ರ ಜುಲೈನಲ್ಲಿ ಯಡಿಯೂರಪ್ಪ ಅಧಿಕಾರ ವಹಿಸಿಕೊಂಡ ದಿನವೇ ಘೋಷಿಸಿದರು. 2023ರಲ್ಲಿ ಸರ್ಕಾರ ಬದಲಾದ ಮೇಲೆ ಅದು ನಿಂತಿತು. ಬಡ್ಡಿಯಿಲ್ಲದ ಬೆಳೆ ಸಾಲದ ಮಿತಿ ಅದೇ ವರ್ಷ ಮೂರು ಲಕ್ಷದಿಂದ ಐದು ಲಕ್ಷಕ್ಕೆ ಏರಿತು. ಯೋಜನೆಗಳು ಬಂದವು, ಹೋದವು. ಎಲ್ಲದಕ್ಕೂ ಬಾಗಿಲು ಮಾತ್ರ ಒಂದೇ ಆಗಿತ್ತು.

ಆ ಬಾಗಿಲು ಒಂದು ಹಾಳೆ. ನಾಡ ಕಚೇರಿಯಲ್ಲೋ ಗ್ರಾಮ ಒನ್ ಕೇಂದ್ರದಲ್ಲೋ ತೆಗೆದ ಪಹಣಿಯನ್ನು ಒಮ್ಮೆ ನಿಧಾನವಾಗಿ ಓದಿ. ಮೇಲೆ ಸರ್ವೆ ನಂಬರು, ಹಿಸ್ಸಾ, ಖರಾಬು ಕಳೆದು ಉಳಿದ ವಿಸ್ತೀರ್ಣ. 9ನೇ ಕಾಲಂನಲ್ಲಿ ಸ್ವಾಧೀನದಾರರ ಹೆಸರು, ಅವರ ತಂದೆಯ ಅಥವಾ ಗಂಡನ ಹೆಸರು, ಎಕರೆ-ಗುಂಟೆ. 11ನೇ ಕಾಲಂನಲ್ಲಿ ಸಾಲದ ಋಣ, ಸೊಸೈಟಿಯದೋ ಬ್ಯಾಂಕಿನದೋ. 12ನೇ ಕಾಲಂ ಸಾಗುವಳಿಗೆ ಮೀಸಲು: ಯಾವ ವರ್ಷ, ಯಾವ ಹಂಗಾಮು, ಉಳುವವರ ಹೆಸರು, ಬೆಳೆ. ಹಣ ಕೊಡುವಾಗ ಸರ್ಕಾರ ನೋಡುವುದು 9ನ್ನು. ಅಲ್ಲಿ ಇರುವ ಹೆಸರು ಆಧಾರ್‌ಗೆ ತಾಳೆಯಾದರೆ ರೈತರ ನೋಂದಣಿಯ ಫ್ರೂಟ್ಸ್ ತಂತ್ರಾಂಶದಲ್ಲಿ ಒಂದು ಸಂಖ್ಯೆ ಹುಟ್ಟುತ್ತದೆ. ಅದೇ ಎಫ್‌ಐಡಿ. ಇವತ್ತು ರಾಗಿ ಮಾರಲು, ಬರ ಪರಿಹಾರ ಪಡೆಯಲು, ಬಿತ್ತನೆ ಬೀಜದ ರಿಯಾಯಿತಿಗೆ, ಹನಿ ನೀರಾವರಿಗೆ, ಎಲ್ಲದಕ್ಕೂ ರೈತ ಸಂಪರ್ಕ ಕೇಂದ್ರದ ಮೇಜಿನ ಆಚೆಯಿಂದ ಬರುವ ಮೊದಲ ಪ್ರಶ್ನೆ ‘ಎಫ್‌ಐಡಿ ಆಗಿದೆಯಾ?’

ಈ ವ್ಯವಸ್ಥೆಯನ್ನು ನಾನು ಹಗುರವಾಗಿ ತೆಗೆದುಹಾಕುವುದಿಲ್ಲ. 2000ರ ಹೊತ್ತಿಗೆ ಭೂಮಿ ಯೋಜನೆಯಲ್ಲಿ ಪಹಣಿಗಳು ಕಂಪ್ಯೂಟರಿಗೆ ಹೋಗುವ ಮುನ್ನ, ಒಂದು ಪ್ರತಿಗಾಗಿ ಶಾನುಭೋಗರ ಮನೆ ಬಾಗಿಲಿಗೆ ಎಷ್ಟು ಸಲ ಅಲೆಯಬೇಕಿತ್ತೆಂದು ನಮ್ಮ ಹಿರಿಯರಿಗೆ ಗೊತ್ತು. ನೇರ ನಗದು ವರ್ಗಾವಣೆ ಬಂದ ಮೇಲೆ ಚೆಕ್ಕು ಕೊಡಿಸುವ ನೆಪದಲ್ಲಿ ಕಮಿಷನ್ ಮುರಿಯುತ್ತಿದ್ದ ಮಧ್ಯದವರ ಕಾಟವೂ ಇಳಿದಿದೆ. ಅದು ಸಣ್ಣ ಸಾಧನೆಯಲ್ಲ. ಆದರೆ ಹಾಳೆಯಲ್ಲಿರುವ ಹೆಸರೇ ಹಳತಾಗಿದ್ದರೆ ಎಷ್ಟು ಚುರುಕಾದ ಯಂತ್ರವೂ ತಪ್ಪು ಮನೆಗೆ ಹೋಗಿ ನಿಲ್ಲುತ್ತದೆ, ಇಲ್ಲವೇ ಎಲ್ಲಿಗೂ ಹೋಗುವುದಿಲ್ಲ.

ತೀರಿಹೋದ ಅಜ್ಜನ ಹೆಸರಿನಲ್ಲಿರುವ ಜಮೀನು ಇದಕ್ಕೆ ಮೊದಲ ಉದಾಹರಣೆ. ಊರಿನ ಬಾಯಿಮಾತಿನ ಪಾಲಿನಲ್ಲಿ ನಾಲ್ಕು ಜನ ಅಣ್ಣತಮ್ಮಂದಿರು ಮೂವತ್ತು ವರ್ಷದಿಂದ ಉಳುತ್ತಿರುತ್ತಾರೆ. ಬದು ಹಾಕಿ, ಕಲ್ಲು ನೆಟ್ಟು, ಯಾವ ಜಗಳವೂ ಇಲ್ಲದೆ. ಪಹಣಿಯಲ್ಲಿ ಮಾತ್ರ ಅಜ್ಜನೇ ಇದ್ದಾರೆ. ವಾರಸುದಾರರ ಹೆಸರಿಗೆ ಬದಲಿಸುವ ಪೌತಿ ಖಾತೆಗೆ ಮರಣ ಪ್ರಮಾಣ ಪತ್ರ ಬೇಕು, ವಂಶವೃಕ್ಷ ಬೇಕು. ಮದುವೆಯಾಗಿ ಹೋದ ಅಕ್ಕತಂಗಿಯರ ಸಹಿ ಬೇಕು. ಅಲ್ಲಿ ಸಾಮಾನ್ಯವಾಗಿ ಕೆಲಸ ನಿಲ್ಲುತ್ತದೆ. ಯಾಕೆಂದರೆ ಸಹಿ ಕೇಳಲು ಹೋದರೆ ಪಾಲಿನ ಮಾತು ಬರುತ್ತದೆ, ಕಾನೂನಿನ ಪ್ರಕಾರ ಅವರ ಪಾಲು ಅವರಿಗೆ ಇದ್ದೇ ಇದೆ. 2024ರಲ್ಲಿ ಕಂದಾಯ ಇಲಾಖೆ ಪಹಣಿಗಳಿಗೆ ಆಧಾರ್ ಜೋಡಿಸಲು ಹೊರಟಾಗ ರಾಜ್ಯದಲ್ಲಿ ಲಕ್ಷಗಟ್ಟಲೆ ಪಹಣಿಗಳು ಸತ್ತವರ ಹೆಸರಿನಲ್ಲಿವೆ ಎಂಬುದು ಲೆಕ್ಕಕ್ಕೆ ಸಿಕ್ಕಿತು. ಈಗ ಪೌತಿ ಖಾತೆ ಆಂದೋಲನ ನಡೆದಿದೆ. ಗ್ರಾಮ ಆಡಳಿತಾಧಿಕಾರಿ ಮನೆ ಬಾಗಿಲಿಗೆ ಬಂದು ಅರ್ಜಿ ಬರೆಸಿಕೊಳ್ಳುವುದು ಸರಿಯಾದ ದಾರಿ. ಯಾವ ಸಹಾಯಧನಕ್ಕಿಂತಲೂ ಈ ಕೆಲಸ ಹೆಚ್ಚಿನದೆಂದು ನಾನು ತಿಳಿದಿದ್ದೇನೆ.

ಹೆಂಗಸರ ವಿಷಯಕ್ಕೆ ಬಂದರೆ ಪಹಣಿಯ ಮಾತು ಇನ್ನೂ ಕಟುವಾಗುತ್ತದೆ. ರಾಗಿ ಕಳೆ ತೆಗೆಯುವುದು, ಕೊಯ್ಲು, ಹಸುವಿನ ಮೇವು, ಕೊಟ್ಟಿಗೆ, ಈ ಸೀಮೆಯ ಬೇಸಾಯದ ಅರ್ಧಕ್ಕೂ ಹೆಚ್ಚು ದುಡಿಮೆ ಅವರದು. 9ನೇ ಕಾಲಂನಲ್ಲಿ ಅವರ ಹೆಸರು ಬರುವುದು ಬಹುಪಾಲು ಗಂಡ ತೀರಿಕೊಂಡ ಮೇಲೆ. 2023ರ ಆಗಸ್ಟ್‌ನಿಂದ ಗೃಹಲಕ್ಷ್ಮಿ ಯೋಜನೆಯ ತಿಂಗಳ ಎರಡು ಸಾವಿರ ಮನೆಯೊಡತಿಯ ಖಾತೆಗೆ ಬರುತ್ತಿದೆ. ಅದು ಕೃಷಿ ಯೋಜನೆಯಲ್ಲ, ಪಹಣಿ ಕೇಳುವುದಿಲ್ಲ, ವರ್ಷದ ಲೆಕ್ಕದಲ್ಲಿ ಪಿಎಂ ಕಿಸಾನ್‌ನ ನಾಲ್ಕು ಪಟ್ಟು. ಮುಂಗಾರಿನಲ್ಲಿ ಟ್ರ್ಯಾಕ್ಟರ್ ಬಾಡಿಗೆಗೂ ಗೊಬ್ಬರಕ್ಕೂ ಆ ಹಣ ಕೈಹಿಡಿದ ಮನೆಗಳಿವೆ. ಕೃಷಿ ಇಲಾಖೆ ಈ ಸಂಗತಿಯನ್ನು ಗಮನಿಸಬೇಕು.

ಇನ್ನು ಗುತ್ತಿಗೆಯ ಪ್ರಶ್ನೆ. ದೇವರಾಜ ಅರಸರ ಕಾಲದ ಭೂ ಸುಧಾರಣೆ ಉಳುವವನಿಗೆ ಭೂಮಿ ಕೊಟ್ಟಿತು. 1974ರ ಮಾರ್ಚ್ 1ರಿಂದ ಗೇಣಿಯನ್ನೇ ನಿಷೇಧಿಸಿತು. ಸೈನಿಕರಂಥ ಕೆಲವರಿಗೆ ಮಾತ್ರ ವಿನಾಯಿತಿ. ಆ ಕಾನೂನಿನ ಋಣ ಈ ಜಿಲ್ಲೆಯ ಸಾವಿರಾರು ಮನೆಗಳ ಮೇಲಿದೆ, ಅದನ್ನು ನಾನು ಮರೆಯಲಾರೆ. ಆದರೆ ಐವತ್ತು ವರ್ಷಗಳಲ್ಲಿ ಹಳ್ಳಿ ಬದಲಾಯಿತು. ಒಡೆಯರ ಮಕ್ಕಳು ಬೆಂಗಳೂರಿಗೆ ಹೋದರು. ಹೊಲ ಬೀಳು ಬಿಡಬಾರದೆಂದು ಪಕ್ಕದ ಮನೆಯವರಿಗೆ ವಾರಕ್ಕೆ, ಅಂದರೆ ಬೆಳೆಯ ಪಾಲಿಗೆ, ಕೊಟ್ಟರು, ಇಲ್ಲವೇ ವರ್ಷಕ್ಕಿಷ್ಟು ಎಂದು ಗುತ್ತಿಗೆಗೆ ಬಿಟ್ಟರು. ಇದಕ್ಕೆ ಕಾಗದ ಇರುವುದಿಲ್ಲ, ಇರಬಾರದು ಕೂಡ. ಬರೆದುಕೊಟ್ಟರೆ ಜಮೀನು ಕೈತಪ್ಪುತ್ತದೆ ಎಂಬ ಭಯ ಒಡೆಯನಿಗೆ ಇನ್ನೂ ಹೋಗಿಲ್ಲ. ಹಾಗಾಗಿ 12ನೇ ಕಾಲಂನಲ್ಲೂ ಒಡೆಯನ ಹೆಸರೇ ಬಂದು ಕೂರುತ್ತದೆ.

ಇದರ ಪರಿಣಾಮ ಒಂದು ಎಕರೆ ರಾಗಿ ಹೊಲದಲ್ಲಿ ಹೀಗೆ ಕಾಣುತ್ತದೆ. ಉತ್ತು, ಬಿತ್ತಿ, ಕುಂಟೆ ಹೊಡೆದು, ಕೊಯ್ದು, ಕಣ ಮಾಡಿ ರಾಗಿ ತೂರಿದವರು ಒಬ್ಬರು. ಪಿಎಂ ಕಿಸಾನ್ ಒಡೆಯರಿಗೆ. ಬೆಳೆ ಒಣಗಿದರೆ ಪರಿಹಾರ ಒಡೆಯರಿಗೆ. ಸೊಸೈಟಿಯ ಬಡ್ಡಿಯಿಲ್ಲದ ಸಾಲ ಒಡೆಯರಿಗೆ. ದುಡಿಯುವವರು ಕೈಸಾಲ ತರುತ್ತಾರೆ, ಬಡ್ಡಿ ನೂರಕ್ಕೆ ತಿಂಗಳಿಗೆ ಎರಡೋ ಮೂರೋ. ಬೆಂಬಲ ಬೆಲೆಗೆ ರಾಗಿ ಬಿಡಬೇಕಾದರೆ ಒಡೆಯರ ಎಫ್‌ಐಡಿ ಬೇಕು, ದುಡ್ಡು ಅವರ ಖಾತೆಗೆ ಬೀಳುತ್ತದೆ. ಒಡೆಯರು ಒಳ್ಳೆಯವರಾಗಿದ್ದರೆ ತೆಗೆದುಕೊಡುತ್ತಾರೆ. ಎಷ್ಟೋ ಜನ ತೆಗೆದುಕೊಡುತ್ತಾರೆ ಕೂಡ. ಆದರೆ ಹಕ್ಕಾಗಿ ಬರಬೇಕಾದದ್ದು ಒಬ್ಬರ ಒಳ್ಳೆಯತನದ ಮೇಲೆ ನಿಂತಿರುವುದು ಅನ್ಯಾಯವೇ.

ಕುಣಿಗಲ್ ಕಡೆ ಇದಕ್ಕೆ ಇನ್ನೊಂದು ಮುಖ ಇದೆ. ಬೆಂಗಳೂರು–ಮಂಗಳೂರು ಹೆದ್ದಾರಿಯ ಉದ್ದಕ್ಕೂ ಜಮೀನು ಕೈ ಬದಲಾಗುತ್ತಿದೆ. 2020ರ ತಿದ್ದುಪಡಿಯಲ್ಲಿ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳು ಹೋದ ಮೇಲೆ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಪಿಎಂ ಕಿಸಾನ್ ಮಟ್ಟಿಗೆ 2019ರ ಫೆಬ್ರವರಿ 1ಕ್ಕೆ ಪಹಣಿಯಲ್ಲಿ ಇದ್ದವರೇ ಫಲಾನುಭವಿಗಳು. ಆಮೇಲೆ ಕೊಂಡವರಿಗೆ ಇಲ್ಲ, ಪೌತಿಯಿಂದ ಬಂದವರಿಗೆ ಮಾತ್ರ ವಿನಾಯಿತಿ. ಆದಾಯ ತೆರಿಗೆ ಕಟ್ಟುವವರು, ಸರ್ಕಾರಿ ನೌಕರರು, ವೈದ್ಯರು, ವಕೀಲರು ಮೊದಲಾದವರೂ ಹೊರಗೆ. ಇದು ಒಳ್ಳೆಯ ಜರಡಿ. ಆದರೆ ಜರಡಿ ಇರುವುದು ಆರು ಸಾವಿರದ ಯೋಜನೆಗೆ. ಎರಡು ಹೆಕ್ಟೇರ್‌ವರೆಗೆ ಶೇ 90ರಷ್ಟು ಸಹಾಯಧನ ಸಿಗುವ ಹನಿ ನೀರಾವರಿಗೆ, ಬಿಲ್ಲೇ ಬಾರದ ಪಂಪ್‌ಸೆಟ್ಟಿಗೆ ಅಂಥ ಜರಡಿ ಇಲ್ಲ. ಸಣ್ಣ ಹಣಕ್ಕೆ ಬಿಗಿ ಕಾವಲು, ದೊಡ್ಡ ಹಣಕ್ಕೆ ತೆರೆದ ಬಾಗಿಲು: ಇದನ್ನು ಯಾರೂ ಬೇಕೆಂದು ಮಾಡಿರಲಿಕ್ಕಿಲ್ಲ, ಆದರೆ ಆಗಿರುವುದು ಹಾಗೆ.

2023ರ ಬರ ಇವೆಲ್ಲವನ್ನೂ ಒಟ್ಟಿಗೆ ಪರೀಕ್ಷೆಗೆ ಒಡ್ಡಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಕೇಂದ್ರದ ಹಣ ಬರುವುದು ತಡವಾಯಿತು. 2024ರ ಜನವರಿಯಲ್ಲಿ ರಾಜ್ಯ ಸರ್ಕಾರ ತನ್ನ ಕೈಯಿಂದ ಪ್ರತಿ ರೈತನಿಗೆ ಎರಡು ಸಾವಿರದವರೆಗೆ ಮೊದಲ ಕಂತು ಕೊಟ್ಟಿತು. ರಾಜ್ಯ ಕೇಳಿದ್ದು 18 ಸಾವಿರ ಕೋಟಿಗೂ ಹೆಚ್ಚು. ವಿಷಯ ಸುಪ್ರೀಂ ಕೋರ್ಟಿಗೆ ಹೋದ ಮೇಲೆ ಏಪ್ರಿಲ್‌ನಲ್ಲಿ ಬಂದದ್ದು 3,454 ಕೋಟಿ. ಆ ರಾಜಕೀಯದ ಮಾತು ಸಾಕಷ್ಟು ಆಗಿದೆ. ಹಳ್ಳಿಯಲ್ಲಿ ಕುಳಿತು ನೋಡಿದರೆ ಕಾಣುವ ಲೆಕ್ಕ ಬೇರೆ. ಆಗಿನ ಮಾರ್ಗಸೂಚಿಯ ಪ್ರಕಾರ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500, ನೀರಾವರಿಗೆ 17,000, ತೆಂಗು-ಅಡಿಕೆಯಂಥ ಬಹುವಾರ್ಷಿಕ ಬೆಳೆಗೆ 22,500. ಎಲ್ಲಕ್ಕೂ ಎರಡು ಹೆಕ್ಟೇರ್ ಮಿತಿ. ಮೂವತ್ತು ಗುಂಟೆ ರಾಗಿ ಹೊಲ ಪೂರಾ ಒಣಗಿದರೆ ಬರುವುದು 2,600 ರೂಪಾಯಿಯ ಒಳಗೆ. ಅಷ್ಟೇ ವಿಸ್ತೀರ್ಣದ ಅಡಿಕೆ ತೋಟಕ್ಕೆ ಹಾನಿಯೆಂದು ದಾಖಲಾದರೆ 6,800. ಮರ ಕಟ್ಟಲು ವರ್ಷಗಳು ಬೇಕು, ಆ ಹೆಚ್ಚಳ ಸರಿ. ಆದರೆ ಮೂವತ್ತು ಗುಂಟೆಯ ರಾಗಿಯವರಿಗೆ ಆ ವರ್ಷ ಊಟದ ರಾಗಿಯೇ ಇರಲಿಲ್ಲ ಎಂಬುದನ್ನು ಯಾವ ಮಾರ್ಗಸೂಚಿಯೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಹಣ ಬಂತೋ ಇಲ್ಲವೋ ಎಂಬುದೇ ಆ ಬೇಸಿಗೆಯ ಮಾತಾಗಿತ್ತು. ಪಕ್ಕದ ಹೊಲದವರಿಗೆ ಬಂದಿದೆ, ನಮಗಿಲ್ಲ. ಯಾಕೆ? ಬೆಳೆ ಸಮೀಕ್ಷೆಯಲ್ಲಿ ಬೀಳು ಎಂದು ಬಿದ್ದಿರಬಹುದು. ಪಹಣಿಯ ಹೆಸರಿಗೂ ಆಧಾರಿನ ಹೆಸರಿಗೂ ಇನಿಷಿಯಲ್ ವ್ಯತ್ಯಾಸ ಇರಬಹುದು. ಸರ್ವೆ ನಂಬರು ಎಫ್‌ಐಡಿಗೆ ಸೇರಿಲ್ಲದಿರಬಹುದು. ಅಥವಾ ಆಧಾರನ್ನು ಖಾತೆಗೆ ಜೋಡಿಸುವ ಎನ್‌ಪಿಸಿಐ ಮ್ಯಾಪಿಂಗ್ ಆಗಿರುವುದು ಎಂದೋ ತೆರೆದು ಮರೆತ ಇನ್ನೊಂದು ಬ್ಯಾಂಕಿನ ಖಾತೆಗೆ. ನಾಲ್ಕು ಕಾರಣ, ನಾಲ್ಕು ಕಚೇರಿ: ಕೃಷಿ, ಕಂದಾಯ, ಆಧಾರ್ ಕೇಂದ್ರ, ಬ್ಯಾಂಕು. ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ. ತಾಲ್ಲೂಕಿನ ಅಂಚಿನ ಹಳ್ಳಿಯಿಂದ ಗುಬ್ಬಿಗೆ ಬಂದು ಹೋಗುವ ಮುದುಕರಿಗೆ ಅದು ಒಂದು ದಿನದ ಕೂಲಿ, ಒಂದು ದಿನದ ಆಯಾಸ. ಬಂದ ಹಣವನ್ನು ಹಳೆ ಸಾಲಕ್ಕೆ ಮುರಿದುಕೊಳ್ಳಬಾರದೆಂದು ಸರ್ಕಾರ ಬ್ಯಾಂಕುಗಳಿಗೆ ಬೇರೆಯಾಗಿ ತಾಕೀತು ಮಾಡಬೇಕಾಯಿತು. ಅಷ್ಟಾದರೂ ಒಂದು ಒಳ್ಳೆಯದಾಯಿತು: ‘ಪರಿಹಾರ’ ಜಾಲತಾಣದಲ್ಲಿ ಊರುವಾರು ಪಟ್ಟಿ ಯಾರು ಬೇಕಾದರೂ ನೋಡುವಂತಿತ್ತು. ಹುಡುಗರು ಮೊಬೈಲಿನಲ್ಲಿ ಊರಿನ ಪಟ್ಟಿ ತೆಗೆದು ಅರಳಿಕಟ್ಟೆಯ ಮೇಲೆ ಓದಿ ಹೇಳಿದರು. ತಪ್ಪುಗಳು ಹೊರಬಿದ್ದದ್ದು ಹಾಗೆ.

ಬೆಳೆ ವಿಮೆಯ ಬಗ್ಗೆ ಚುಟುಕಾಗಿ ಹೇಳುತ್ತೇನೆ. 2016ರ ಮುಂಗಾರಿನಿಂದ ಇರುವ ಫಸಲ್ ಬಿಮಾದಲ್ಲಿ ರೈತರ ಪಾಲಿನ ಕಂತು ಮುಂಗಾರಿಗೆ ಶೇ 2, ಹಿಂಗಾರಿಗೆ ಶೇ 1.5, ವಾಣಿಜ್ಯ ಮತ್ತು ತೋಟಗಾರಿಕೆ ಬೆಳೆಗೆ ಶೇ 5. ರಾಗಿಗೆ ಇದು ಅಗ್ಗದ ರಕ್ಷಣೆ. ತೊಡಕು ಏನೆಂದರೆ ನಷ್ಟದ ಅಳತೆ ನಿಮ್ಮ ಹೊಲದ ಮೇಲೆ ನಿಂತಿಲ್ಲ, ಗ್ರಾಮ ಪಂಚಾಯಿತಿಯ ಸರಾಸರಿ ಇಳುವರಿಯ ಮೇಲೆ ನಿಂತಿದೆ. ನಮ್ಮಲ್ಲಿ ಮಳೆ ಒಂದು ಕೆರೆಯ ಆ ಏರಿಗೆ ಬಂದು ಈ ಏರಿಗೆ ಬಾರದೆ ಹೋಗುವುದುಂಟು.

ಬೆಲೆಯ ಮೂಲಕ ಬರುವ ಸಹಾಯ ಇದಕ್ಕಿಂತ ದೊಡ್ಡದು, ಅದರ ಗಲಾಟೆಯೂ ದೊಡ್ಡದು. ಬೆಂಬಲ ಬೆಲೆಗೆ ರಾಗಿ ಕೊಳ್ಳುವ ಸರ್ಕಾರ ಅದನ್ನೇ ದಕ್ಷಿಣದ ಜಿಲ್ಲೆಗಳ ಪಡಿತರ ಅಂಗಡಿಗಳಿಗೆ ಕೊಡುತ್ತದೆ. ಬೆಳೆದ ರಾಗಿ ಊರಿನವರ ಮುದ್ದೆಯಾಗಿಯೇ ತಿರುಗಿ ಬರುತ್ತದೆ. ಇದಕ್ಕಿಂತ ಅರ್ಥವಿರುವ ಯೋಜನೆ ಈ ಸೀಮೆಗೆ ಇನ್ನೊಂದಿಲ್ಲ. ಹಾಗಿದ್ದೂ ಖರೀದಿಗೆ ಮಿತಿ ಹಾಕಿದ ವರ್ಷಗಳಲ್ಲಿ ನೋಂದಣಿಗೆ ಸಾಲು, ಚೀಲಕ್ಕೆ ಕಾಯುವುದು, ಹಣಕ್ಕೆ ಕಾಯುವುದು. ಕಾಯಲಾಗದವರು ಮನೆ ಬಾಗಿಲಿಗೆ ಬಂದ ವ್ಯಾಪಾರಿಗೆ ಕಡಿಮೆಗೆ ಅಳೆದುಕೊಟ್ಟರು. ಕಾಯಲಾಗದವರು ಯಾರೆಂದರೆ ಸಣ್ಣವರು, ವಾರಕ್ಕೆ ಉತ್ತವರು.

ಕೊಬ್ಬರಿಯದು ಬೇರೆ ಕತೆ. ಗುಬ್ಬಿಯ ತೆಂಗಿನವರು ತಿಪಟೂರು ಮಾರುಕಟ್ಟೆಯ ಟೆಂಡರ್ ದರದ ಮೇಲೆ ಕಣ್ಣಿಟ್ಟಿರುತ್ತಾರೆ. ಉಂಡೆ ಕೊಬ್ಬರಿಗೆ ಕಾಯಿ ಅಟ್ಟದ ಮೇಲೆ ಹತ್ತು-ಹನ್ನೊಂದು ತಿಂಗಳು ಕೂರಬೇಕು. ಒಂದು ವರ್ಷದ ಬದುಕು ಅಟ್ಟದ ಮೇಲಿರುವಾಗ ಕೆಳಗೆ ದರ ಕುಸಿದರೆ ಮಾಡುವಂಥದ್ದೇನೂ ಇರುವುದಿಲ್ಲ. 2023ರಲ್ಲಿ ಹಾಗೆ ಆಯಿತು. ಬೆಂಬಲ ಬೆಲೆ 11,750 ಇದ್ದಾಗ ಮಾರುಕಟ್ಟೆ ಅದರ ಬಹಳ ಕೆಳಗೆ ಹೋಯಿತು. ನಾಫೆಡ್ ಖರೀದಿಯ ಜೊತೆಗೆ ರಾಜ್ಯ ಸರ್ಕಾರ ಕ್ವಿಂಟಲಿಗೆ 1,500 ರೂಪಾಯಿ ಸೇರಿಸಿತು. 2024ರ ಆರಂಭದಲ್ಲಿ ನೋಂದಣಿ ತೆರೆದ ಕೆಲವೇ ದಿನಗಳಲ್ಲಿ ಮಿತಿ ತುಂಬಿತು; ನಕಲಿ ನೋಂದಣಿಯ ದೂರು ಎದ್ದು, ಅದನ್ನು ರದ್ದು ಮಾಡಿ, ಬೆರಳಚ್ಚು ಪಡೆದು ಹೊಸದಾಗಿ ನೋಂದಾಯಿಸಬೇಕಾಯಿತು. ಅಟ್ಟದಲ್ಲಿ ಕಾಯಿ ಇಲ್ಲದವರ ಹೆಸರಿಗೂ ಕೊಬ್ಬರಿ ಬರೆಸಲು ಸಾಧ್ಯವಾಗಿದ್ದರೆ ಅದಕ್ಕೆ ಕಾರಣ ಅದೇ ಪಹಣಿ. ಮರುವರ್ಷ, 2025ರಲ್ಲಿ, ಮಾರುಕಟ್ಟೆ ದರ ಬೆಂಬಲ ಬೆಲೆಯ ಎರಡು ಪಟ್ಟನ್ನೂ ದಾಟಿತು. ಬೆಂಬಲ ಬೆಲೆ ಬೇಕಾಗುವುದು ಕುಸಿದ ವರ್ಷಕ್ಕೆ. ಅದರ ವ್ಯವಸ್ಥೆ ಕುಸಿಯುವ ಮೊದಲೇ ಸಿದ್ಧವಿರಬೇಕು, ಬೀದಿಗಿಳಿದ ಮೇಲಲ್ಲ.

ಯಾವ ಪಟ್ಟಿಯಲ್ಲೂ ಹೆಸರಾಗಿ ಕಾಣದ ಹಣ ಇನ್ನೊಂದಿದೆ, ಅದೇ ಎಲ್ಲಕ್ಕಿಂತ ದೊಡ್ಡದು: ಪಂಪ್‌ಸೆಟ್ಟಿನ ವಿದ್ಯುತ್. 10 ಎಚ್‌ಪಿವರೆಗೆ 2008ರಿಂದ ಉಚಿತ. ರಾಜ್ಯದ ಖಜಾನೆಗೆ ವರ್ಷಕ್ಕೆ ಹತ್ತು ಸಾವಿರ ಕೋಟಿಗೂ ಮೀರಿದ ಹೊರೆ. ಒಂದು ಮನೆಯ ಮಟ್ಟಿಗೆ ಲೆಕ್ಕ ಹಾಕಿ ನೋಡೋಣ. 5 ಎಚ್‌ಪಿ ಮೋಟರು ದಿನಕ್ಕೆ ಏಳು ಗಂಟೆಯಂತೆ ವರ್ಷದಲ್ಲಿ ಇನ್ನೂರು ದಿನ ಓಡಿದರೆ ಸುಮಾರು 5,200 ಯೂನಿಟ್. ಯೂನಿಟ್ಟಿಗೆ ಏಳು ರೂಪಾಯಿ ಹಿಡಿದರೂ 36 ಸಾವಿರ. ಪಿಎಂ ಕಿಸಾನ್‌ನ ಆರು ಪಟ್ಟು. ಬೋರ್‌ವೆಲ್ ಇಲ್ಲದ ಮೂವತ್ತು ಗುಂಟೆಯವರಿಗೆ ಇದರಲ್ಲಿ ಚಿಕ್ಕಾಸೂ ಇಲ್ಲ. ತೋಟದವರನ್ನು ಇದಕ್ಕಾಗಿ ದೂರುವುದು ಸಲ್ಲದು. ಟ್ರಾನ್ಸ್‌ಫಾರ್ಮರ್ ಸುಟ್ಟು ವಾರಗಟ್ಟಲೆ ಕಾದವರು, ಸಾವಿರ ಅಡಿ ಕೊರೆಸಿ ಧೂಳು ಮಾತ್ರ ಕಂಡವರು ಅವರೇ. ಆದರೆ ಉಚಿತ ವಿದ್ಯುತ್ತು ಕೊಳವೆ ಬಾವಿಗಳನ್ನು ಆಳಕ್ಕೆ ಇಳಿಸುತ್ತಾ ಹೋಗಿದೆ, ಅಂತರ್ಜಲ ಅತಿಬಳಕೆಯ ಪಟ್ಟಿಯಲ್ಲಿ ನಮ್ಮ ಜಿಲ್ಲೆಯ ಹಲವು ತಾಲ್ಲೂಕುಗಳಿವೆ. ಮೊದಲು ಬತ್ತಿದ್ದು ಬಡವರ ತೆರೆದ ಬಾವಿ. ಹೇಮಾವತಿ ನೀರನ್ನು ಕುಣಿಗಲ್ ಕಡೆಗೆ ಒಯ್ಯುವ ಎಕ್ಸ್‌ಪ್ರೆಸ್ ಲಿಂಕ್ ಕಾಲುವೆಗೆ ಗುಬ್ಬಿಯವರು ಅಡ್ಡ ನಿಂತದ್ದು, ಕುಣಿಗಲ್‌ನವರು ಬೇಕೇ ಬೇಕು ಎಂದದ್ದು ಈ ಬತ್ತಿದ ನೆಲದ ಮೇಲೆಯೇ.

ಇಷ್ಟೆಲ್ಲ ನೋಡಿದ ಮೇಲೆ ಒಂದು ಯೋಜನೆ ಮಾತ್ರ ಬೇರೆಯಾಗಿ ಕಾಣುತ್ತದೆ, ಅದನ್ನು ಮನಸಾರೆ ಹೊಗಳಬೇಕೆನಿಸುತ್ತದೆ. ಅದು ಹಾಲಿನ ಪ್ರೋತ್ಸಾಹಧನ. 2008ರಲ್ಲಿ ಲೀಟರಿಗೆ ಎರಡು ರೂಪಾಯಿಯಿಂದ ಶುರುವಾಗಿ, 2013ರಲ್ಲಿ ನಾಲ್ಕಾಗಿ, 2016ರಲ್ಲಿ ಐದಾಯಿತು. ಬೆಳಗಿನ ಆರರ ಹೊತ್ತಿಗೆ ಗುಬ್ಬಿ ಕಡೆಯ ಯಾವ ಊರಿನ ಡೇರಿಯ ಮುಂದೆ ನಿಂತರೂ ಕಾಣುವ ದೃಶ್ಯ ಒಂದೇ ತರಹ. ಸ್ಟೀಲ್ ಕ್ಯಾನು ಹಿಡಿದ ಸಾಲು, ಅದರಲ್ಲಿ ಹೆಂಗಸರೇ ಹೆಚ್ಚು. ಕಾರ್ಯದರ್ಶಿ ಮಾದರಿಗೆ ಒಂದಿಷ್ಟು ಹಾಲು ತೆಗೆದು ಯಂತ್ರಕ್ಕೆ ಹಿಡಿದರೆ ಫ್ಯಾಟ್, ಎಸ್‌ಎನ್‌ಎಫ್ ಅಂಕಿ ಮೂಡುತ್ತದೆ, ತೂಕದ ಮೇಲೆ ಲೀಟರು, ಒಂದು ಚೀಟಿ. ಅಲ್ಲಿ ಯಾರೂ ಪಹಣಿ ಕೇಳುವುದಿಲ್ಲ. ಹಸು ಯಾರ ಹೊಲದ ಬದುವಿನಲ್ಲಿ ಮೇಯಿತು ಎಂದು ಕೇಳುವುದಿಲ್ಲ. ತಂದು ಸುರಿದ ಹಾಲಿಗೆ ಲೆಕ್ಕ. ಎಂಟು ಲೀಟರು ಕೊಡುವ ಒಂದು ಹಸು ವರ್ಷದಲ್ಲಿ ಮುನ್ನೂರು ದಿನ ಕರೆದರೆ ಪ್ರೋತ್ಸಾಹಧನವೇ 12 ಸಾವಿರ, ಪಿಎಂ ಕಿಸಾನ್‌ನ ಎರಡರಷ್ಟು. ಹೊಲವೇ ಇಲ್ಲದ ಮನೆಗೂ ಅದು ಬರುತ್ತದೆ. ಮೇವು, ಹಿಂಡಿ, ಬೂಸದ ಬೆಲೆ ಏರಿದ ಮೇಲೆ ಹಾಲಿನ ದರದಲ್ಲಿ ಲಾಭ ಎನ್ನುವುದು ಉಳಿದಿದ್ದರೆ ಅದು ಬಹುಪಾಲು ಈ ಐದು ರೂಪಾಯಿ. ಇದರಲ್ಲೂ ತಿಂಗಳುಗಟ್ಟಲೆ ಬಾಕಿ ಉಳಿಯುತ್ತದೆ, ಅದೇ ದೊಡ್ಡ ಕೊರತೆ. 2016ರ ಐದು ರೂಪಾಯಿ ಇವತ್ತಿಗೂ ಐದೇ. ಆದರೂ ದುಡಿಮೆಯ ಹಿಂದೆ ಹೋಗುವ ಹಣ ಎಂದರೆ ಇದು.

ಹೊರಗಿನವರು ಈ ಗಂಟನ್ನು ಹೇಗೆ ಬಿಡಿಸಲು ನೋಡಿದ್ದಾರೆ? ತೆಲಂಗಾಣ 2018ರಲ್ಲಿ ರೈತ ಬಂಧು ಶುರುಮಾಡಿ ಎಕರೆ ಲೆಕ್ಕದಲ್ಲಿ ಕೊಟ್ಟಿತು. ಹೆಚ್ಚು ಎಕರೆಯವರಿಗೆ ಹೆಚ್ಚು ಹಣ, ಗುತ್ತಿಗೆಯವರಿಗೆ ಇಲ್ಲ. ಅದೇ ವರ್ಷದ ಕೊನೆಗೆ ಒಡಿಶಾ ತಂದ ಕಾಲಿಯಾ ಯೋಜನೆ ಗೇಣಿದಾರರನ್ನೂ ಭೂಮಿ ಇಲ್ಲದ ಕೃಷಿ ಕುಟುಂಬಗಳನ್ನೂ ಸೇರಿಸಿಕೊಂಡಿತು. ಅಮೆರಿಕದಲ್ಲಿ, ಯುರೋಪಿನಲ್ಲಿ ಕೂಡ ಎಕರೆ ಲೆಕ್ಕದ ಹಣ ದೊಡ್ಡ ಹಿಡುವಳಿಯವರ ಕೈಗೇ ಹೆಚ್ಚು ಸೇರುತ್ತದೆ ಎಂಬುದು ದಶಕಗಳ ಜಗಳ. ಅಮೆರಿಕದಲ್ಲಿ ಯಾರಿಗೆ ಎಷ್ಟು ಹೋಯಿತೆಂದು ಕೌಂಟಿವಾರು ಪಟ್ಟಿ ಪ್ರಕಟಿಸಿದ ಮೇಲೆ ಆ ಜಗಳಕ್ಕೆ ಪುರಾವೆ ಸಿಕ್ಕಿತು. ನಮಗೆ ಹತ್ತಿರದ ಪಾಠ ಇರುವುದು ಪಾವಗಡ, ಮಧುಗಿರಿಯ ಗಡಿಯಾಚೆ. ಆಂಧ್ರಪ್ರದೇಶ 2019ರಲ್ಲಿ ಸಾಗುವಳಿದಾರರ ಹಕ್ಕಿನ ಕಾಯ್ದೆ ಮಾಡಿತು. ಹನ್ನೊಂದು ತಿಂಗಳ ಒಪ್ಪಂದ, ಅದಕ್ಕೊಂದು ಕಾರ್ಡು. ಜಮೀನಿನ ಮೇಲೆ ಯಾವ ಹಕ್ಕೂ ಹುಟ್ಟುವುದಿಲ್ಲ, ಬೆಳೆಯ ಮೇಲೆ ಮಾತ್ರ. ಸಾಲ, ವಿಮೆ, ಪರಿಹಾರ ಬೆಳೆದವರಿಗೆ. ಅಲ್ಲಿಯ ತೊಡಕೂ ಗೊತ್ತಿರುವುದೇ: ಒಡೆಯರ ಸಹಿ ಬೇಕು, ಬಹಳ ಒಡೆಯರು ಹಾಕುವುದಿಲ್ಲ.

ಆ ಸಹಿಯ ಭಯವನ್ನು ನಮ್ಮಲ್ಲಿ ಕಳೆಯಬಹುದಾದ ಜಾಗ ಬೆಳೆ ಸಮೀಕ್ಷೆ. ಪ್ರತಿ ಹಂಗಾಮಿನಲ್ಲಿ ಊರಿನದೇ ಹುಡುಗನೊಬ್ಬ ಮೊಬೈಲ್ ಹಿಡಿದು ತಾಕು ತಾಕಿಗೂ ಹೋಗಿ ಬೆಳೆಯ ಫೋಟೋ ತೆಗೆಯುತ್ತಾನೆ. ಪಿಆರ್ ಎಂದು ಕರೆಯುವುದು ಅವನನ್ನೇ. ಆ ಹೊಲವನ್ನು ಉಳುತ್ತಿರುವವರು ಯಾರೆಂದು ಅವನಿಗೆ ಗೊತ್ತು, ಎಷ್ಟೋ ಸಲ ಅವರೇ ಅಲ್ಲಿ ಕಳೆ ಕೀಳುತ್ತಾ ನಿಂತಿರುತ್ತಾರೆ. ಅವನು ಆ್ಯಪ್‌ನಲ್ಲಿ ಒಡೆಯರ ಹೆಸರನ್ನು ಆರಿಸಿ, ಬೆಳೆ ತುಂಬಿ ಮುಂದೆ ಹೋಗುತ್ತಾನೆ. ಅಲ್ಲಿ ಒಂದು ಸಾಲು ಸೇರಿಸಬೇಕು: ಈ ಹಂಗಾಮಿನ ಬೆಳೆ ಯಾರದು. ಈ ದಾಖಲೆ ಆ ಒಂದು ಬೆಳೆಗೆ ಮಾತ್ರ, ಭೂಮಿಯ ಹಕ್ಕಿಗೆ ಯಾವ ನ್ಯಾಯಾಲಯದಲ್ಲೂ ಸಾಕ್ಷಿಯಾಗದು ಎಂದು ವಿಧಾನಸಭೆ ಕಾನೂನಿನಲ್ಲೇ ಬರೆದುಕೊಡಬೇಕು, ಸುತ್ತೋಲೆಯಲ್ಲಿ ಅಲ್ಲ. ಪಿಎಂ ಕಿಸಾನ್ ಕಂತು ಒಡೆಯರಿಗೇ ಇರಲಿ, ಅದನ್ನು ಯಾರೂ ಕಸಿಯಬೇಕಿಲ್ಲ. ಬೆಳೆ ಒಣಗಿದ ಪರಿಹಾರ, ಬೆಳೆಯ ವಿಮೆ, ರಾಗಿ ಬಿಟ್ಟ ಹಣ, ಈ ಮೂರು ಬೆಳೆದವರ ಖಾತೆಗೆ ಹೋಗಲಿ. ಆಕ್ಷೇಪಣೆ ಇದ್ದರೆ ಗ್ರಾಮಸಭೆಯಲ್ಲಿ ಪಟ್ಟಿ ಓದಿದಾಗ ಒಡೆಯರು ಹೇಳಲಿ. ಪಹಣಿಯಲ್ಲಿ ಇಲ್ಲದ್ದು ಊರಿಗೆ ಗೊತ್ತಿರುತ್ತದೆ. ಇದಕ್ಕೆ ಹೊಸ ತಂತ್ರಾಂಶ ಬೇಕಿಲ್ಲ, ಹೊಸ ನೌಕರರೂ ಬೇಕಿಲ್ಲ. ಒಂದು ತಾಲ್ಲೂಕಿನಲ್ಲಿ ಮಾಡಿ ನೋಡಬಹುದು. ಒಡೆಯರು ಊರಲ್ಲೇ ಇರುವ ಹಳ್ಳಿಗಳೂ, ತುಮಕೂರು-ಬೆಂಗಳೂರಿನಲ್ಲಿರುವ ಹಳ್ಳಿಗಳೂ ಗುಬ್ಬಿಯಲ್ಲಿ ಎರಡೂ ಇವೆ. ಅಲ್ಲಿ ರಾಗಿ ಬಿತ್ತನೆಗೆ ಮುಂಚೆ ಕಾನೂನು, ಬಿತ್ತನೆಯ ನಂತರ ಸಮೀಕ್ಷೆ, ಕೊಯ್ಲಿಗೆ ಮುಂಚೆ ಗ್ರಾಮಸಭೆ ಎಂದು ಒಂದು ಮುಂಗಾರಿಗೆ ಕ್ರಮ ಹಾಕಿಕೊಂಡರೆ, ಜನವರಿಯಲ್ಲಿ ಖರೀದಿ ಕೇಂದ್ರಕ್ಕೆ ರಾಗಿ ತಂದವರ ಹೆಸರಿಗೇ ಚೀಟಿ ಹರಿಯಬಹುದು.